ಮುರಿದ ರಿಂಗ್ ಹಿಡಿದು ಸನತ್‌ನಗರಕ್ಕೆ

ಕಾರವಾರದಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದಾಗ ನನ್ನ ಮಡಿಲಲ್ಲಿ ಒಂದು ಸ್ಟೀಲಿನ ಊಟದ ಡಬ್ಬಿ ಇತ್ತು. ಅದರಲ್ಲಿ ಊಟವಿರಲಿಲ್ಲ. ಹಳೆಯ ಟವೆಲ್ಲಿನಲ್ಲಿ ಸುತ್ತಿದ ಎರಡು ಉಕ್ಕಿನ ತುಂಡುಗಳಿದ್ದವು: ಅಂಗೈ ಅಗಲದ ಒಂದು ಪ್ಲೇಟು, ಅದರಿಂದ ಕಿತ್ತುಹೋದ ಒಂದು ರಿಂಗ್. ಇವೆರಡನ್ನೂ ಹೈದರಾಬಾದಿನ ಸನತ್‌ನಗರಕ್ಕೆ ಒಯ್ದು, ಅವುಗಳ ಜಾಗಕ್ಕೆ ಹೊಸದನ್ನು ಮಾಡಿಸಿಕೊಂಡು ಶನಿವಾರದೊಳಗೆ ಮರಳಬೇಕಿತ್ತು. ಸೋಮವಾರ ನನ್ನ ಅಕ್ಕನ ದೋಣಿ ಕೊಚ್ಚಿಗೆ ಹೊರಡುವುದಿತ್ತು.

ಅಕ್ಕ ಸುಮಂಗಲಾ ಅಂಚೆ ಕಚೇರಿಯಿಂದ, ಭಾವ ಸದಾನಂದ ಬಂದರಿನ ಕೆಲಸದಿಂದ ನಿವೃತ್ತರಾದವರು. ಎರಡು ವರ್ಷದ ಹಿಂದೆ ಇಬ್ಬರೂ ಸೇರಿ ಗೋವಾದಲ್ಲಿ ಯಾರೋ ಬಿಟ್ಟುಹೋದ ಇಪ್ಪತ್ತೊಂಬತ್ತು ಅಡಿಯ ಹಾಯಿದೋಣಿಯನ್ನು ಕೊಂಡರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ರಜೆ ಬಂದರೆ ಆ ದೋಣಿಯ ಮೂರನೆಯ ಆಳು.

ಹಾಯಿದೋಣಿ ಕಾಣದವರಿಗೆ ಇಷ್ಟು ಹೇಳಬೇಕು. ಗಾಳಿ ಬೆನ್ನ ಹಿಂದಿನಿಂದ ಬೀಸುವಾಗ ಮುಂದಿನ ಹಾಯಿ ತಾನಾಗಿ ಬಿಚ್ಚಿ ನಿಲ್ಲುವುದಿಲ್ಲ. ಒದ್ದೆ ಸೀರೆಯ ಹಾಗೆ ಜೋತುಬಿದ್ದು, ಮರುಗಳಿಗೆಯಲ್ಲಿ ಪಟಾರನೆ ತುಂಬಿಕೊಂಡು ದೋಣಿಯನ್ನೇ ಅಲುಗಿಸುತ್ತದೆ. ಅದನ್ನು ಹೊರಕ್ಕೆ ಚಾಚಿ ಹಿಡಿಯಲು ಉದ್ದನೆಯ ಅಲ್ಯೂಮಿನಿಯಂ ಕೋಲು ಬೇಕು. ದೋಣಿಯವರು ಅದನ್ನು ಪೋಲ್ ಎನ್ನುತ್ತಾರೆ. ನಮ್ಮದು ಹದಿಮೂರು ಅಡಿ. ಪೋಲಿನ ಹೊರತುದಿ ಹಾಯಿಯ ಮೂಲೆಯನ್ನು ಹಿಡಿದರೆ ಒಳತುದಿ ಹಾಯಿಕಂಬದ ರಿಂಗ್‌ಗೆ ಸಿಕ್ಕಿಕೊಳ್ಳುತ್ತದೆ. ಹಾಯಿ ಎಷ್ಟು ಗಾಳಿ ಹಿಡಿದರೂ ಅದರ ಒತ್ತಡವೆಲ್ಲ ಕೋಲಿನ ಮೂಲಕ ಬಂದು ಕೂರುವುದು ಆ ರಿಂಗ್ ಮೇಲೆ.

ಹನ್ನೊಂದು ದಿನಗಳ ಹಿಂದೆ, ಗೋಕರ್ಣದ ಎದುರಿನ ನೀರಿನಲ್ಲಿ, ಮಧ್ಯಾಹ್ನದ ಗಾಳಿ ಏಳುವ ಹೊತ್ತಿಗೆ ಆ ರಿಂಗ್ ಮುರಿಯಿತು. ಗಾಳಿ ಸ್ವಲ್ಪ ಓರೆಯಾಗಿದ್ದುದರಿಂದ ಪೋಲಿನ ಹೊರತುದಿ ಮುಂದಕ್ಕೆ ಚಾಚಿತ್ತು, ಒಳತುದಿ ನಮ್ಮ ಕಡೆಗೆ ಗುರಿಯಿಟ್ಟಂತಿತ್ತು. ಅಕ್ಕ ಚುಕ್ಕಾಣಿಯ ಪಕ್ಕದಲ್ಲಿ ಕೂತಿದ್ದಳು. ನಾನು ಎದುರಿಗೆ ಕೂತು ಅವಳನ್ನೇ ನೋಡುತ್ತಿದ್ದೆ. "ಅವಲಕ್ಕಿ ಡಬ್ಬಿ ಎಲ್ಲಿಟ್ಯೇ?" ಎಂದು ಕೇಳಿ ಅವಳು ಸೀಟಿನ ಕೆಳಗೆ ಬಗ್ಗಿದಳು. ಆಗ ತೆಂಗಿನಕಾಯಿ ಒಡೆದಂಥ ಒಂದು ಸದ್ದು. ಕಂಬದಿಂದ ಕಳಚಿದ ಪೋಲ್ ಕ್ಯಾಬಿನ್ನಿನ ಚಾವಣಿಯ ಮೇಲೆ ಜಾರಿ, ಅವಳ ತಲೆ ಇದ್ದ ಜಾಗವನ್ನು ಹಾದು, ಹಿಂದಿನ ಪ್ಲೈವುಡ್ ಹಲಗೆಯನ್ನು ತೂತು ಮಾಡಿ ಸಿಕ್ಕಿಕೊಂಡಿತು. ಅಕ್ಕ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಲೆಯೆತ್ತಿದಾಗ ಪೋಲ್ ಅವಳ ಬೆನ್ನ ಮೇಲೆ ಒಂದು ಗೇಣು ಎತ್ತರದಲ್ಲಿ ನಡುಗುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ. ಹಾಯಿ ಇಳಿಸುವಾಗ ಭಾವನ ಅಂಗೈ ತರಚಿತು, ಅಷ್ಟೇ. ಇಂಜಿನ್ ಹಾಕಿಕೊಂಡು ಕಾರವಾರಕ್ಕೆ ಮರಳಿದೆವು. ದಡ ಸೇರಿದ ಮೇಲೆ ನಾನು ದೋಣಿ ಮಾರಿಬಿಡಿ ಎಂದೆ. ಅಕ್ಕ ಒಪ್ಪಲಿಲ್ಲ. "ಮುರಿದದ್ದು ರಿಂಗ್ ಮಾರಾಯ್ತಿ, ನಾನಲ್ಲ" ಎಂದಳು. ಹೊರದೇಶದಿಂದ ತರಿಸಿದರೆ ಆರು ವಾರ. ಅಷ್ಟರಲ್ಲಿ ದಕ್ಷಿಣಕ್ಕೆ ಒಯ್ಯುವ ಗಾಳಿಯ ಕಾಲ ಮುಗಿಯುತ್ತ ಬರುತ್ತದೆ. ಊರಿನಲ್ಲೇ ಮಾಡಿಸುತ್ತೇನೆಂದು ಭಾವ ಹೊರಟಾಗ ನಾನು ಅಡ್ಡ ನಿಂತೆ. ಮುರಿದದ್ದೂ ಊರಿನಲ್ಲೇ ಮಾಡಿಸಿದ್ದು. ಮಾಡುವುದನ್ನು ನಾನು ಕಣ್ಣಾರೆ ನೋಡದ ಯಾವ ರಿಂಗಿನ ಎದುರಿಗೂ ಅಕ್ಕ ಕೂರುವುದು ಬೇಡ ಎಂದೆ. ನಮ್ಮ ಕಾಲೇಜಿನ ಗ್ರಂಥಪಾಲಕಿ ರೇಣುಕಾಳ ಚಿಕ್ಕಪ್ಪ ಹೈದರಾಬಾದಿನಲ್ಲಿದ್ದಾರೆ, ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ಈಗ ಸನತ್‌ನಗರದಲ್ಲಿ ಸ್ವಂತ ಶೆಡ್ ನಡೆಸುತ್ತಾರೆ ಎಂದು ಗೊತ್ತಾದ ಕೂಡಲೇ ಬಸ್ಸಿನ ಟಿಕೆಟ್ ತೆಗೆದೆ.

ಹುಬ್ಬಳ್ಳಿಗೆ ಐದು ತಾಸು. ಅಲ್ಲಿ ಊಟ ಮುಗಿಸಿ, ಸಂಜೆಯ ಸ್ಲೀಪರ್ ಬಸ್ಸು ಹತ್ತಿದರೆ ಮರುದಿನ ಬೆಳಿಗ್ಗೆ ಹೈದರಾಬಾದು. ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದಾಗ ಚಳಿ ಹಿತವಾಗಿತ್ತು. ನಿಲ್ದಾಣಕ್ಕೆ ಅಂಟಿಕೊಂಡೇ ಮೆಟ್ರೋ ಇದೆ. ಬ್ಯಾಗ್ ತಪಾಸಣೆಯ ಯಂತ್ರದಲ್ಲಿ ನನ್ನ ಡಬ್ಬಿ ಹಾದದ್ದೇ ತಡ, ಕಾವಲಿನಾತ ಅದನ್ನು ಪಕ್ಕಕ್ಕೆ ತೆಗೆದಿರಿಸಿದ.

"ಯೇ ಕ್ಯಾ ಹೈ ಮೇಡಂ?"

ನಾನು ಬಿಚ್ಚಿ ತೋರಿಸಿ, ಹಾಯಿದೋಣಿಯ ಭಾಗ, ರಿಪೇರಿಗೆ ತಂದಿದ್ದೇನೆ ಎಂದು ನನ್ನ ಹಿಂದಿಯಲ್ಲಿ ಹೇಳಿದೆ. ಆತ ರಿಂಗನ್ನು ತಿರುಗಿಸಿ ನೋಡಿ, ಪಕ್ಕದವನಿಗೆ ತೋರಿಸಿದ. "ಸಮುಂದರ್ ಛೋಡ್‌ಕೆ ಹೈದರಾಬಾದ್ ಆಯೇ ನಾವ್ ಬನಾನೇ!" ಎಂದು ಇಬ್ಬರೂ ನಕ್ಕರು. ಸಮುದ್ರ ಬಿಟ್ಟು ದೋಣಿ ರಿಪೇರಿಗೆ ಇಲ್ಲಿಗೆ ಬಂದವಳನ್ನು ಅವರು ಬೇರೆ ಕಂಡಿರಲಿಕ್ಕಿಲ್ಲ. ಡಬ್ಬಿಯ ಮುಚ್ಚಳವನ್ನು ಆತನೇ ಹಾಕಿಕೊಟ್ಟ.

ಎರ್ರಗಡ್ಡದಲ್ಲಿ ಇಳಿದು ಆಟೋ ಹಿಡಿದೆ. ಅರವತ್ತು ರೂಪಾಯಿ. ರಸ್ತೆಯಲ್ಲಿ ನಮ್ಮ ಮುಂದೆ ಒಂದು ಸ್ಕೂಟರ್ ಹೋಗುತ್ತಿತ್ತು. ಹಿಂದೆ ಕೂತವನ ಹೆಗಲ ಮೇಲೆ ನಲ್ಲಿಯ ಉದ್ದನೆಯ ಪೈಪು. ಸ್ಕೂಟರ್ ಬ್ರೇಕ್ ಹಾಕಿತು. ಪೈಪಿನ ತುದಿ ನಮ್ಮ ಗಾಜಿನ ಕಡೆಗೆ ಬಂತು. ನಾನು ಮೊಣಕಾಲಿಗೆ ತಲೆ ತಾಗುವಷ್ಟು ಬಗ್ಗಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡುಬಿಟ್ಟಿದ್ದೆ. ಆಟೋದವರು ಕನ್ನಡಿಯಲ್ಲಿ ನೋಡಿ, "ಏಮೈಂದಮ್ಮಾ?" ಎಂದರು. ಏನಿಲ್ಲ ಎಂದೆ. ಪೋಲ್ ಕಳಚಿದ ದಿನದಿಂದ ಹೀಗೇ ಆಗುತ್ತಿತ್ತು. ತರಗತಿಯಲ್ಲಿ ಪರದೆ ಎಳೆಯುವ ಕೋಲು ಕಂಡರೂ ಅಕ್ಕನ ಬಗ್ಗಿದ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಅವಳು ಬಗ್ಗದೇ ಇರುವ ಇನ್ನೊಂದು ಚಿತ್ರವೂ ಬರುತ್ತಿತ್ತು. ಅದನ್ನು ಇಲ್ಲಿ ಬರೆಯಲಾರೆ.

ರೇಣುಕಾಳ ಚಿಕ್ಕಪ್ಪ ಶರಣಪ್ಪ ಕಾಕಾ ಅವರ ಶೆಡ್ ಸನತ್‌ನಗರದ ಕೈಗಾರಿಕಾ ವಸಾಹತಿನ ಒಂದು ಓಣಿಯ ಕೊನೆಯಲ್ಲಿದೆ. ಒಂದು ಬದಿ ಬಿಸ್ಕತ್ತಿನ ಪೆಟ್ಟಿಗೆ ಮಾಡುವವರು, ಇನ್ನೊಂದು ಬದಿ ಫ್ಯಾನಿನ ರೆಕ್ಕೆ ಹೊಡೆಯುವವರು. ಒಳಗೆ ಎರಡು ಲೇತು, ಒಂದು ಹೈಡ್ರಾಲಿಕ್ ಪ್ರೆಸ್ಸು, ಗೋಡೆಗೆ ಬಸವಣ್ಣನ ಕ್ಯಾಲೆಂಡರು. ಕಾಕಾ ಕಲಬುರಗಿ ಕಡೆಯವರು, ಅರವತ್ತೈದು ದಾಟಿದವರು, ಮೂಗಿನ ತುದಿಯಲ್ಲಿ ಕನ್ನಡಕ.

"ಬರ್ರಿ ಮೇಡಂ, ಬರ್ರಿ. ರೇಣುಕಾ ಫೋನ್ ಮಾಡಿದ್ಳು. ಮೊದಲ ಚಾ ಕುಡೀರಿ, ಆಮ್ಯಾಲ ನಿಮ್ಮ ಹಡಗ ನೋಡೂಣು."

ನಾನೂ ರೇಣುಕಾಳಂತೆ ಕಾಕಾ ಎಂದೇ ಕರೆದೆ. ಅಲ್ಲಿಂದ ಅವರ ಬಾಯಲ್ಲಿ ಮೇಡಂ ಹೋಗಿ 'ಏನವಾ' ಬಂತು.

ಅವರು ಚಹಾ ಲೋಟವನ್ನು ಬದಿಗಿಟ್ಟು ರಿಂಗನ್ನು ಬಾಗಿಲ ಬೆಳಕಿಗೆ ಹಿಡಿದರು. ಭೂತಗನ್ನಡಿ ತಂದರು. ಲೇತಿನ ಮುಂದಿದ್ದ ಯಾದಯ್ಯ ಅವರನ್ನೂ ಕರೆದರು. ಕಾಕಾ ಬಳಿ ಹದಿನೈದು ವರ್ಷದಿಂದ ಇರುವ ನುರಿತ ಕೆಲಸಗಾರರು ಅವರು. ತೆಲುಗು ಬಿಟ್ಟು ಬೇರೆ ಮಾತಾಡುವುದು ಕಡಿಮೆ. ಇಬ್ಬರೂ ಬಹಳ ಹೊತ್ತು ನೋಡಿದರು.

"ಇದು ಅವತ್ತು ಮುರದಿದ್ದಲ್ಲವಾ," ಎಂದರು ಕಾಕಾ. "ನೋಡಿಲ್ಲಿ. ಈ ಅಂಚಿಗೆ ಬೆಳ್ಳಿ ಹಂಗ ಹೊಳ್ಯಾಕತ್ತೈತಿ, ಇಷ್ಟ ಹೊಸಾದು. ಉಳದದ್ದೆಲ್ಲಾ ಚಾ ಬಣ್ಣ. ಅಂದ್ರ ಮುಕ್ಕಾಲು ಭಾಗ ತಿಂಗಳಾನುಗಟ್ಲೆ ಮೊದಲ ಸೀಳಿ ಕುಂತಿತ್ತು. ಕಾಲು ಭಾಗದ ಮ್ಯಾಲ ನೀವು ಹಾಯಿ ಏರ್ಸೀರಿ."

ಭೂತಗನ್ನಡಿ ಇಸಿದುಕೊಂಡು ನಾನೂ ನೋಡಿದೆ. ಒಂದು ಗಳಿಗೆಯ ಅಪಘಾತ ಎಂದುಕೊಂಡದ್ದು ತಿಂಗಳುಗಟ್ಟಲೆ ನಮ್ಮ ಜೊತೆ ಪ್ರಯಾಣ ಮಾಡಿತ್ತು.

"ವೆಲ್ಡಿಂಗ್ ಮಾಡಿದವ ಅದನ್ನ ತಿಕ್ಕಿ ತಿಕ್ಕಿ ಸಪಾಟ ಮಾಡ್ಯಾನ. ಚೆಂದ ಕಾಣ್ಲಿ ಅಂತ. ಬಲ ಎಲ್ಲಾ ಅಲ್ಲೇ ಹೋತು. ಆದರ..." ಕಾಕಾ ಕನ್ನಡಕ ಏರಿಸಿದರು. "ಹೊರಗ ಇಷ್ಟ ಹೊಳೀತೈತಿ, ಒಳಗ ಯಾಕ ಇಷ್ಟ ಕೊಳತೈತಿ? ಇದಕ್ಕ ಏನರ ಹಚ್ಚತಿದ್ರೇನು?"

ಎಣ್ಣೆಗಿಣ್ಣೆ ಏನೂ ಇಲ್ಲ ಎಂದೆ. ನನಗೆ ನಿಜಕ್ಕೂ ಬೇರೇನೂ ಹೊಳೆಯಲಿಲ್ಲ. ಉಪ್ಪುನೀರು ಎಂದು ಮಾತು ಮುಗಿಸಿದೆವು. ಸಮುದ್ರಕ್ಕೆ ತಾಳುವ ದರ್ಜೆಯ ಉಕ್ಕಿನ ಸರಳು ಮರುದಿನ ಬರುತ್ತದೆ, ಶುಕ್ರವಾರದೊಳಗೆ ಮಾಡಿಕೊಡುತ್ತೇನೆ ಎಂದರು.

"ಎರಡು ಮಾಡಿಕೊಡಿ ಕಾಕಾ," ಎಂದೆ.

"ಒಂದು ಸಾಕಲಾ?"

"ಒಂದನ್ನು ಒಯ್ಯುತ್ತೇನೆ. ಒಂದನ್ನು ನನ್ನ ಮುಂದೆ ಮುರಿಯಬೇಕು. ಎಷ್ಟಕ್ಕೆ ಮುರಿಯುತ್ತದೆ ಅಂತ ನೋಡಬೇಕು."

ಕಾಕಾ ಯಾದಯ್ಯ ಅವರ ಮುಖ ನೋಡಿದರು. "ಹೊಸಾ ಸಾಮಾನು ಮುರ್ಯಾಕಂತ ಮಾಡ್ಸೋ ಗಿರಾಕಿ ಇವತ್ತ ಬಂತು ನೋಡ್ರಿ. ನಮ್ಮ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಸಾಹೇಬ ಹಿಂಗಿದ್ದ. ಅವಗೂ ಯಾರೂ ಹೆಣ್ಣು ಕೊಡಲಿಲ್ಲ!" ಎಂದು ನಕ್ಕು ಒಪ್ಪಿದರು.

ಅವರ ಮನೆ ಶೆಡ್ಡಿನಿಂದ ಹತ್ತು ನಿಮಿಷದ ದಾರಿ. ಇನ್ನೆಲ್ಲೂ ಇಳಿದುಕೊಳ್ಳಲು ಕಾಕೂ ಬಿಡಲಿಲ್ಲ. ಕಾಕೂ ಎಂದರೆ ಅವರ ಹೆಂಡತಿ ಮಹಾದೇವಮ್ಮ. ಕಟಿರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಹೊರಗೆ ತರಕಾರಿಯವನ ಜೊತೆ ತೆಲುಗು, ಕೆಳಗಿನ ಮನೆಯವರ ಜೊತೆ ಹಿಂದಿ, ಒಳಗೆ ಬಂದರೆ ಕಲಬುರಗಿ.

ಮರುದಿನ ಬುಧವಾರ ಕಾಕೂ ಬೇಗಂ ಬಜಾರಿಗೆ ಹೊರಟರು. ನನಗೂ ಅಲ್ಲಿ ಒಂದು ಕೆಲಸವಿತ್ತು. ಪೋಲ್ ಅಲುಗಾಡದೆ ನಿಲ್ಲಲು ಮೂರು ಹಗ್ಗ ಬೇಕು: ಒಂದು ಮೇಲಕ್ಕೆ, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ನಮ್ಮ ದೋಣಿಯಲ್ಲಿ ಮುಂದಿನ ಹಗ್ಗವನ್ನು ಕಟ್ಟುತ್ತಲೇ ಇರಲಿಲ್ಲ. ಸಣ್ಣ ಗಾಳಿಗೆ ಯಾಕೆ, ಓಡಾಡುವಾಗ ಕಾಲಿಗೆ ತೊಡರುತ್ತದೆ ಎಂದು ಭಾವ ಬಿಚ್ಚಿಟ್ಟಿದ್ದರು. ಅದಿಲ್ಲದೆ ಪೋಲ್ ಪ್ರತಿ ಅಲೆಗೂ ಜಿಗಿದು ರಿಂಗನ್ನು ಗುದ್ದುತ್ತಿತ್ತು. ಆ ಹಗ್ಗವನ್ನು ನಾನೇ ಕೊಂಡು ಒಯ್ಯಬೇಕೆಂದು ನಿರ್ಧರಿಸಿದ್ದೆ.

ಬೇಗಂ ಬಜಾರಿನ ಓಣಿಗಳಲ್ಲಿ ಮೆಣಸಿನಕಾಯಿಯ ಘಾಟು ದಾಟಿದರೆ ಪಾತ್ರೆಗಳ ಸಾಲು, ಪಾತ್ರೆ ದಾಟಿದರೆ ಹಗ್ಗದ ಅಂಗಡಿ. ಗಾದಿಯ ಮೇಲೆ ಕೂತ ಮಾರವಾಡಿ ಸೇಠರು ಯಾವುದಕ್ಕೆ ಬೇಕು ಎಂದು ಕೇಳಿದರು. "ಬಾವಡೀ ಕೇ ಲಿಯೇ, ಯಾ ಭೈಂಸ್ ಕೇ ಲಿಯೇ?" ಬಾವಿಗೋ ಎಮ್ಮೆಗೋ!

"ಎರಡಕ್ಕೂ ಅಲ್ಲ, ದೋಣಿಗೆ" ಎಂದು ಕಾಕೂ ಹಿಂದಿಯಲ್ಲಿ ಹೇಳಿ, ನನ್ನ ಕಡೆ ತಿರುಗಿ, "ಜಗ್ಗಿದ್ರ ಉದ್ದ ಆಗಬಾರದಲಾ? ತಡಿ, ನಾ ನೋಡತೀನಿ" ಎಂದರು. ಸೇಠರು ತೋರಿಸಿದ ಪ್ರತಿ ಹಗ್ಗವನ್ನೂ ಪಾದದ ಕೆಳಗೆ ತುಳಿದು, ಕೈಗೆ ಸುತ್ತಿ, ಸೊಂಟ ಬಾಗಿಸಿ ಜಗ್ಗಿದರು. ನೈಲಾನ್ ಹಿಗ್ಗಿತು, ತೆಗೆದು ಬದಿಗೆಸೆದರು. ಸೇಠರು, "ಮಾಂಜೀ, ದುಕಾನ್ ಮತ್ ತೋಡೋ" ಎಂದು ಕೈಮುಗಿದರು. ಅಂಗಡಿ ಮುರಿಯಬೇಡಿ ಎಂಬ ಅವರ ಗೋಳಿಗೆ ಕಾಕೂ ಕಿವಿಗೊಡಲಿಲ್ಲ. ನಾಲ್ಕನೆಯದು, ಬಿಗಿಯಾಗಿ ಹೆಣೆದ ಬಿಳಿ ಪಾಲಿಯೆಸ್ಟರ್ ಹಗ್ಗ, ಅವರಿಗೆ ಜಗ್ಗಲಿಲ್ಲ. ಹದಿನೈದು ಮೀಟರ್ ಕೊಂಡೆ.

ಅಲ್ಲಿಂದ ಕಿರಾಣಿ ಸಾಲಿಗೆ ಹೋದೆವು. ಕಾಕೂ ತೊಗರಿಬೇಳೆ ಆದಮೇಲೆ ಒಂದು ಕಿಲೋ ಹಳೆಯ ಕಪ್ಪು ಹುಣಸೆಹಣ್ಣು ಕಟ್ಟಿಸಿದರು. "ಸಾರಿಗಲ್ಲವಾ, ಹಿತ್ತಾಳಿ ತಿಕ್ಕಾಕ. ನಾಳಿಗಿ ದೇವರ ಸಾಮಾನು ಬೆಳಗಬೇಕು. ನಿಮ್ಮ ಕಡೀಗೂ ಇದ ತಾನ?"

"ಇದೇ ಕಾಕೂ, ಹುಣಸೆಹಣ್ಣು ಮತ್ತು ಕಲ್ಲುಪ್ಪು. ನಮ್ಮ ಅಮ್ಮ ಶುಕ್ರವಾರ ತಪ್ಪಿಸುತ್ತಿರಲಿಲ್ಲ. ನಾನಂತೂ ದೋಣಿಯ ರಿಂಗನ್ನೂ ಹಾಗೇ..."

ಮಾತು ಅಲ್ಲಿಗೆ ನಿಂತಿತು. ಕಾಕೂಗೆ ಏನೂ ಅನಿಸಲಿಲ್ಲ, ಚೀಲ ಎತ್ತಿಕೊಂಡು ಮುಂದೆ ನಡೆದರು. ನಾನು ಹುಣಸೆಹಣ್ಣಿನ ರಾಶಿಯ ಮುಂದೆ ನಿಂತೇ ಇದ್ದೆ.

ಎರಡು ವರ್ಷದಿಂದ, ದೋಣಿ ಕಾರವಾರದಲ್ಲಿದ್ದ ಪ್ರತಿ ಶುಕ್ರವಾರ, ಕಾಲೇಜು ಮುಗಿಸಿ ಜೆಟ್ಟಿಗೆ ಹೋಗಿ ಆ ರಿಂಗನ್ನು ದೇವರ ದೀಪದಂತೆ ಬೆಳಗಿದವಳು ನಾನು. ಹುಣಸೆಹುಳಿ ಹಚ್ಚಿ, ಉಪ್ಪಿನಲ್ಲಿ ತಿಕ್ಕಿ, ಸಿಹಿನೀರು ದಂಡ ಮಾಡಬಾರದೆಂದು ಸಮುದ್ರದ ನೀರನ್ನೇ ಬಕೆಟ್ಟಿನಲ್ಲಿ ಎತ್ತಿ ಸುರಿಯುತ್ತಿದ್ದೆ. ಅದರಲ್ಲಿ ಮುಖ ಕಾಣುತ್ತಿತ್ತು. ಬಂದವರೆಲ್ಲ ಹೊಗಳುತ್ತಿದ್ದರು.

ಸಂಜೆ ಕಾಕಾ ಮನೆಗೆ ಬಂದ ಕೂಡಲೇ ಹೇಳಿದೆ. ಅವರು ಕಾಲು ತೊಳೆದು, ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಹಿತ್ತಾಳಿ ಬ್ಯಾರೆ, ಸ್ಟೀಲ್ ಬ್ಯಾರೆ. ಹುಳಿ ಮತ್ತು ಉಪ್ಪು ಕೂಡಿ ಬಿರುಕಿನ್ಯಾಗ ಇಳದು ಕುಂತ್ವಂದ್ರ, ಹೊರಗ ನೀ ಎಷ್ಟ ತೊಳದ್ರೂ ಒಳಗ ತಿಂತಾವ. ನೀನ ತೊಳದದ್ದೂ ಉಪ್ಪುನೀರಿಲೆ."

"ಹಾಗಾದರೆ ಮುರಿದದ್ದು ನನ್ನಿಂದಲೇ?"

"ಅದೊಂದ ಅಂತ ನಾ ಹೇಳಂಗಿಲ್ಲ. ವೆಲ್ಡಿಂಗ್ ಖರಾಬ ಇತ್ತು. ಹಗ್ಗ ಕಟ್ಟಿದ್ದಿಲ್ಲ. ಸಮುದ್ರ ಐತಿ." ಅವರು ಟವೆಲ್ ಮಡಚಿಟ್ಟು, "ಆದರ ಇಲ್ಲಂತ ಸುಳ್ಳ ಹೇಳ್ಲಿ ಏನು? ಕೆಲಸದಾಗ ನಿನ್ನ ಕೈಯೂ ಐತಿ" ಎಂದರು.

ಕಾಕೂ ಅಡಿಗೆಮನೆಯಿಂದ, "ಊಟದ ಹೊತ್ತಿನ್ಯಾಗ ಹಂಗ ಅಂತಾರೇನ್ರಿ?" ಎಂದು ಗದರಿದರು. ಆದರೆ ನನಗೆ ಆ ಮಾತು ಬೇಕಿತ್ತು. ಅಕ್ಕ ಫೋನ್ ಮಾಡಿ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದಾಗ ಸರಳು ಬಂದಿದೆ ಎಂದಷ್ಟೇ ಹೇಳಿದೆ. ಇದನ್ನು ಫೋನಿನಲ್ಲಿ ಹೇಳಬಾರದು, ಅವಳ ಮುಖ ನೋಡಿ ಹೇಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಹೇಳಿದ ಮೇಲೆ ಅವಳು ನನ್ನನ್ನು ದೋಣಿಗೆ ಹತ್ತಿಸಿಕೊಳ್ಳದಿದ್ದರೂ ಸರಿ.

ಗುರುವಾರ ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡಿದೆ. ಯಾದಯ್ಯ ದಪ್ಪ ಪ್ಲೇಟಿಗೆ ತೂತು ಕೊರೆದರು. ಬೆರಳು ಗಾತ್ರದ ಸರಳನ್ನು ಬಗ್ಗಿಸಿ, ಅದರ ಕಾಲುಗಳು ತೂತಿನಿಂದ ಆಚೆಗೆ ಬರುವಂತೆ ಕೂರಿಸಿ, ಎರಡೂ ಬದಿಗೆ ಆರ್ಗಾನ್ ವೆಲ್ಡಿಂಗ್ ಮಾಡಿದರು. ಹಳೆಯದರಲ್ಲಿ ಬಳೆಯನ್ನು ಪ್ಲೇಟಿನ ಮೇಲೆ ಸುಮ್ಮನೆ ಅಂಟಿಸಿದಂತಿತ್ತು. ಇದರಲ್ಲಿ ಬೇರು ಇಳಿದಂತಿತ್ತು. ವೆಲ್ಡಿಂಗಿನ ಗಂಟುಗಳನ್ನು ತಿಕ್ಕಿ ತೆಗೆಯಲಿಲ್ಲ. "ಚೆಂದ ಇಲ್ಲಂತ ಬೈಬ್ಯಾಡ" ಎಂದರು ಕಾಕಾ. ಆಮೇಲೆ ಕಪ್ಪು ಕಲೆ ತೆಗೆಯುವ ಪೇಸ್ಟ್ ಹಚ್ಚಿ, ಸಿಹಿನೀರಿನಲ್ಲಿ ಮೂರು ಸಲ ತೊಳೆದರು.

ಮಧ್ಯಾಹ್ನ ಶೆಡ್ಡಿನಲ್ಲಿ ಬೇರೆ ಗಿರಾಕಿಯ ಕೆಲಸವಿತ್ತು. ನಾನು ಹುಸೇನ್ ಸಾಗರಕ್ಕೆ ಹೋದೆ. ನೋಡಲು ಹೋದದ್ದು ಬುದ್ಧನ ಪ್ರತಿಮೆಯನ್ನಲ್ಲ. ಆ ಕೆರೆಯಲ್ಲಿ ಹಾಯಿದೋಣಿ ಅಭ್ಯಾಸ ನಡೆಯುತ್ತದೆ ಎಂದು ಕಾಕಾ ಹೇಳಿದ್ದರು. ನೀರಿನ ವಾಸನೆ ಚೆನ್ನಾಗಿರಲಿಲ್ಲ, ಗಾಳಿ ಚೆನ್ನಾಗಿತ್ತು. ಎಂಟು ಹತ್ತು ಸಣ್ಣ ದೋಣಿಗಳಿದ್ದವು. ಒಂದರಲ್ಲಿ ಇಬ್ಬರು ಯುವತಿಯರು ಗಾಳಿಗೆ ಬೆನ್ನು ತಿರುಗಿಸುತ್ತಲೇ ಕೆಂಪು ಬಲೂನಿನಂಥ ಹಾಯಿ ಏರಿಸಿದರು. ಒಬ್ಬಳು ತನ್ನ ಎತ್ತರದಷ್ಟೇ ಇದ್ದ ಪೋಲನ್ನು ಹಾಯಿಗೆ ಸಿಕ್ಕಿಸಿ, ಹೊರಕ್ಕೆ ತಳ್ಳಿ, ಕಂಬದ ರಿಂಗ್‌ಗೆ ಹಾಕಿದಳು. ಕಟಕಟೆಯನ್ನು ಹಿಡಿದುಕೊಂಡೆ.

ಬಿಟ್ಟು ಹೋಗಬಾರದೆಂದು ಹಟ ಹಿಡಿದು ನಿಂತೆ. ಮೊದಲ ಸಲ ಅವಳ ತಲೆಯನ್ನಷ್ಟೇ ನೋಡಿದೆ, ಬೇರೇನೂ ಕಾಣಲಿಲ್ಲ. ಎರಡನೆಯ ಸುತ್ತಿಗೆ ಹಗ್ಗಗಳು ಕಂಡವು: ಪೋಲನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಿಡಿದಿದ್ದರು, ಅದು ಮಿಸುಕಾಡುತ್ತಿರಲಿಲ್ಲ. ಮೂರನೆಯ ಸುತ್ತಿಗೆ ಇನ್ನೊಂದು ಕಂಡಿತು. ಪೋಲ್ ಹಾಕಿದ ಕೂಡಲೇ ಆಕೆ ಅದರ ನೇರದಿಂದ ಸರಿದು ಕೂರುತ್ತಿದ್ದಳು. ಪ್ರತಿ ಸಲವೂ. ಹೆದರಿಕೆಯಿಂದಲ್ಲ; ಬಾಗಿಲು ದಾಟಿದವರು ಬಾಗಿಲು ಮುಚ್ಚುವ ಹಾಗೆ. ಏಳನೆಯ ಸುತ್ತಿನವರೆಗೆ ನಿಂತು ನೋಡಿದೆ. ಕಟಕಟೆಯಿಂದ ಕೈ ತೆಗೆದಿರಲಿಲ್ಲ, ಆದರೆ ಪೋಲಿನಿಂದ ಕಣ್ಣನ್ನೂ ತೆಗೆದಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಎರಡು ಹೊಸ ರಿಂಗುಗಳು ಮೇಜಿನ ಮೇಲಿದ್ದವು. ಯಾವುದನ್ನು ಮುರಿಯುವುದೆಂದು ಕಾಕಾ ಕೇಳಿದರು. ಕಣ್ಣುಮುಚ್ಚಿ ಎಡಗಡೆಯದನ್ನು ಮುಟ್ಟಿದೆ. ಯಾದಯ್ಯ ಅದನ್ನು ಪ್ರೆಸ್ಸಿನ ಕೆಳಗೆ, ಪೋಲ್ ಒತ್ತುವ ದಿಕ್ಕಿನಲ್ಲೇ ಒತ್ತಡ ಬೀಳುವಂತೆ ಬಿಗಿದರು. ನಮ್ಮ ಹಾಯಿಯ ಒತ್ತಡ ಎಂಥ ಗಾಳಿಗೂ ನಾನೂರು ಕಿಲೋ ದಾಟುವುದಿಲ್ಲ ಎಂದು ಭಾವ ಲೆಕ್ಕ ಹಾಕಿಕೊಟ್ಟಿದ್ದರು.

"ಜಾಲರಿ ಹಿಂದ ನಿಂದ್ರು," ಎಂದರು ಕಾಕಾ. "ನೋಡಬೇಕಂದ್ರ ಅಲ್ಲಿಂದ ನೋಡು. ಧೈರ್ಯ ಬ್ಯಾರೆ, ಹುಚ್ಚತನ ಬ್ಯಾರೆ."

ಪಂಪಿನ ಹಿಡಿಕೆ ಏರಿ ಇಳಿಯಿತು. ಮುಳ್ಳು ನಾನೂರು ಮುಟ್ಟಿತು. ಏನೂ ಆಗಲಿಲ್ಲ. ಎಂಟುನೂರು. ಸಾವಿರ. ಯಾದಯ್ಯ ನನ್ನ ಕಡೆ ನೋಡಿ "ಚಾಲಾ?" ಎಂದರು, ಸಾಕಾ ಎಂದು.

"ಇನ್ನೂ."

ಸಾವಿರದ ಐನೂರಕ್ಕೆ ಒಂದು ಸಣ್ಣ ಕಿರುಗುಟ್ಟುವಿಕೆ. ನನ್ನ ಕಣ್ಣು ತಾನಾಗಿ ಮುಚ್ಚಿತು. ಕತ್ತಲಲ್ಲಿ ಅಕ್ಕ ಬಗ್ಗಿದಳು. ಜಾಲರಿಯ ತಂತಿಯನ್ನು ಬೆರಳಿಗೆ ನೋಯುವಷ್ಟು ಹಿಡಿದು ಕಣ್ಣು ತೆರೆದೆ. ರಿಂಗ್ ಬಾಗತೊಡಗಿತ್ತು. ಎರಡು ಸಾವಿರಕ್ಕೆ ಅದು ಮೊಟ್ಟೆಯಾಕಾರಕ್ಕೆ ಬಂತು. ಎರಡೂವರೆ ಸಾವಿರಕ್ಕೆ ಪ್ಲೇಟಿಗೆ ಒರಗಿ ಮಲಗಿತು. ಮುರಿಯಲಿಲ್ಲ. ಯಾದಯ್ಯ ಒತ್ತಡ ಬಿಟ್ಟು, ಅದನ್ನು ತೆಗೆದು, ವೆಲ್ಡಿಂಗಿನ ಮೇಲೆ ಹೆಬ್ಬೆರಳು ಓಡಿಸಿ, "ಗಟ್ಟಿಗುಂದಿ ಸಾರ್" ಎಂದರು.

ಕಾಕಾ ಆ ಬಾಗಿದ್ದನ್ನು ನನ್ನ ಕೈಗಿಟ್ಟರು. ಇನ್ನೂ ಬೆಚ್ಚಗಿತ್ತು. "ನೋಡವಾ, ಮುರಿಯೋ ಸಾಮಾನು ಹೇಳದ ಕೇಳದ ಹೋಗತೈತಿ. ಇದು ಮೊದಲ ಬಾಗತೈತಿ. ಬಾಗಿದ್ದು ಕಂಡ್ರ ಹಾಯಿ ಇಳಸ್ರಿ. ದಿನಾ ಮುಂಜಾನೆ ಒಮ್ಮೆ ಕೈಲೆ ಮುಟ್ಟಿ ನೋಡು, ಸಿಹಿನೀರ್ಲೆ ಒರಸು. ಬೆಳಗಬ್ಯಾಡ."

"ಬೆಳಗುವುದಿಲ್ಲ ಕಾಕಾ."

ಸಂಜೆ ಬಸ್ಸು ಹತ್ತಿಸಲು ಇಬ್ಬರೂ ಬಂದಿದ್ದರು. ಕಾಕೂ ರೊಟ್ಟಿ ಕಟ್ಟಿದ್ದ ಗಂಟನ್ನು ಕಿಟಕಿಯಿಂದ ಕೊಟ್ಟು, "ನಿಮ್ಮಕ್ಕಗ ಹೇಳು, ಒಮ್ಮೆ ಬಾ ಅನ್ನು. ಇಲ್ಲಿ ಕೆರಿಯಾಗರ ತೇಲಿಸೂಣು" ಎಂದರು. ಬಸ್ಸು ನಿಲ್ದಾಣದಿಂದ ಹೊರಬೀಳುವಾಗ ತಿರುಗಿ ನೋಡಿದೆ. ಇಬ್ಬರೂ ಪ್ಲಾಟ್‌ಫಾರ್ಮಿನ ಜನರ ನಡುವೆ ಏನೋ ವಾದಿಸುತ್ತ ಹೋಗುತ್ತಿದ್ದರು.

ಶನಿವಾರ ಮಧ್ಯಾಹ್ನ ಕಾರವಾರದ ಜೆಟ್ಟಿ. ಭಾವ ಪೇಟೆಗೆ ಹೋಗಿದ್ದರು. ಅಕ್ಕ ಒಬ್ಬಳೇ ದೋಣಿಯಲ್ಲಿ ಹೊಸ ಪ್ಲೈವುಡ್ ಹಲಗೆಗೆ ಬಣ್ಣ ಹಚ್ಚುತ್ತಿದ್ದಳು. ಚೀಲ ಕೆಳಗಿಟ್ಟು, ಕೂರುವ ಮೊದಲೇ ಎಲ್ಲವನ್ನೂ ಹೇಳಿದೆ: ಹುಣಸೆಹಣ್ಣು, ಉಪ್ಪು, ಸಮುದ್ರದ ನೀರು, ಚಹಾ ಬಣ್ಣದ ಬಿರುಕು. ಅವಳು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತ ಕೇಳಿದಳು. ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

"ಎರಡು ವರ್ಷ?"

"ಹೌದು."

"ನಾನು ಅಲ್ಲೇ ಕೂತು ನೋಡ್ತಾ ಇದ್ನಲ್ಲೇ. ಎಷ್ಟು ಚಂದ ಹೊಳೀತದೆ ಹೇಳಿ ನಾನೇ ಹೇಳಿದ್ದು." ಅವಳು ಬ್ರಷ್ಷನ್ನು ಕೆಳಗಿಟ್ಟಳು. "ನನಗೂ ನಿದ್ರೆ ಬರ್ತಾ ಇಲ್ಲ ಮಾರಾಯ್ತಿ. ಯಾರಿಗೂ ಹೇಳ್ಲಿಲ್ಲ."

ನಾನು ಬಾಗಿದ ರಿಂಗನ್ನು ತೋರಿಸಿದೆ. ಎರಡೂವರೆ ಸಾವಿರ ಕಿಲೋ ಎಂದೆ. ನೇರದಲ್ಲಿ ಯಾರೂ ಕೂರುವುದು ಬೇಡ, ಮುಂದಿನ ಹಗ್ಗವಿಲ್ಲದೆ ಪೋಲ್ ಏರಿಸುವುದು ಬೇಡ, ಭಾವ ಬೈದರೂ ಸರಿ ಎಂದೆ. ಅವಳು ಎಲ್ಲದಕ್ಕೂ ತಲೆಯಾಡಿಸಿ, ಹೊಸ ರಿಂಗನ್ನು ಎತ್ತಿಕೊಂಡು ಕಂಬದ ಬಳಿ ಹೋದಳು. ಹಳೆಯ ತೂತುಗಳಿಗೆ ಅದು ಸರಿಯಾಗಿ ಕೂತಿತು. ನಾಲ್ಕು ಬೋಲ್ಟುಗಳಲ್ಲಿ ಮೊದಲನೆಯದನ್ನು ಅವಳೇ ಹಾಕಿ ಬಿಗಿದಳು. ಆಮೇಲೆ ಸ್ಪ್ಯಾನರನ್ನು ನನ್ನ ಕಡೆಗೆ ಚಾಚಿದಳು.

"ಉಳಿದ ಮೂರು ನೀನೇ ಬಿಗಿ ಮಾಡು."

"ಭಾವ ಬರಲಿ, ಅವರ ಕೈ ಗಟ್ಟಿ."

"ನೀ ಮಾಡಿದ್ದಾದ್ರೆ ನಾನು ಕೂತ್ಕೊಳ್ತೆ," ಎಂದು ಅಕ್ಕ ಚುಕ್ಕಾಣಿಯ ಕಡೆಗೆ ನಡೆದಳು.

ನಾನು ಸ್ಪ್ಯಾನರ್ ತೆಗೆದುಕೊಂಡೆ. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಬಿಗಿಯುವಾಗ ತೋಳು ಸೋತಿತು. ಕಂಬಕ್ಕೆ ಹೆಗಲು ಕೊಟ್ಟು ಇನ್ನೊಂದು ಕಾಲು ಸುತ್ತು ತಿರುಗಿಸಿದೆ.